ಯೂಕ್ಲಿಡ್‌ಗೆ ‘ಅಂಕಗಣಿತದ ಮೂಲಭೂತ ಪ್ರಮೇಯ’ ಗೊತ್ತಿತ್ತಾ? ಪಠ್ಯಪುಸ್ತಕದ ಒಂದು ಟಿಪ್ಪಣಿ ಬಗ್ಗೆ ಅನುಮಾನ

ಟ್ಯೂಷನ್ ಅಕ್ಕ

ಎಲ್ಲರಿಗೂ ನಮಸ್ಕಾರ. ಸಂಜೆ ಹೊತ್ತು ಮನೆಯಲ್ಲೇ ಐದಾರು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಈ ವಾರ ‘ವಾಸ್ತವ ಸಂಖ್ಯೆಗಳು’ ಪಾಠ. ಅದರಲ್ಲಿ ಅಂಕಗಣಿತದ ಮೂಲಭೂತ ಪ್ರಮೇಯ ಬರುತ್ತದೆ. ಯಾವ ಸಂಯುಕ್ತ ಸಂಖ್ಯೆಯನ್ನಾದರೂ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬಹುದು, ಹಿಂದೆ ಮುಂದೆ ಬರೆಯುವುದು ಬಿಟ್ಟರೆ ಒಡೆಯಲು ಇರುವುದು ಒಂದೇ ದಾರಿ ಅಂತ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅಲ್ಲೇ ಒಂದು ಚಿಕ್ಕ ಟಿಪ್ಪಣಿ ಇದೆ. ಇದಕ್ಕೆ ಸಮನಾದ ಮಾತು ಬಹುಶಃ ಮೊದಲು ದಾಖಲಾದದ್ದು ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಗ್ರಂಥದ 9ನೇ ಪುಸ್ತಕದ 14ನೇ ಪ್ರಮೇಯದಲ್ಲಿ, ಆದರೆ ಸರಿಯಾದ ಸಾಧನೆ ಮೊದಲು ಕೊಟ್ಟವನು ಗೌಸ್ ಅಂತ ಅದರ ಸಾರಾಂಶ.

ಒಬ್ಬ ಹುಡುಗ ಕೇಳಿದ, “ಅಕ್ಕಾ, ಯೂಕ್ಲಿಡ್ ಸಾಧನೆ ಇಲ್ಲದೆ ಏನೂ ಹೇಳಲ್ಲ ಅಂತ ನೀವೇ ಹೇಳಿದ್ರಿ. ಹಾಗಾದ್ರೆ ಇದೊಂದಕ್ಕೆ ಮಾತ್ರ ಯಾಕೆ ಕೈ ಬಿಟ್ಟ?” ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳ್ತೀನಿ ಅಂತ ಜಾರಿಕೊಂಡೆ.

ರಾತ್ರಿ ‘ಎಲಿಮೆಂಟ್ಸ್’ಗೆ ಹೀತ್ ಅವರು ಮಾಡಿದ ಇಂಗ್ಲಿಷ್ ಅನುವಾದ ತೆಗೆದು ನೋಡಿದೆ. 9.14 ಹೇಳುವುದು ಇಷ್ಟು: ಕೆಲವು ಅವಿಭಾಜ್ಯಗಳು ಅಳೆಯುವ (ಶೇಷ ಉಳಿಯದೆ ಭಾಗಿಸುವ) ಸಂಖ್ಯೆಗಳಲ್ಲಿ ಅತಿ ಚಿಕ್ಕದು ಯಾವುದೋ, ಅದನ್ನು ಆ ಅವಿಭಾಜ್ಯಗಳನ್ನು ಬಿಟ್ಟು ಬೇರೆ ಅವಿಭಾಜ್ಯ ಅಳೆಯುವುದಿಲ್ಲ. ಕೆಳಗೆ ಸಾಧನೆಯೂ ಇದೆ! ಮೂರು ಸಲ ಓದಿದೆ. ನಮ್ಮ ಪುಸ್ತಕದ ಪ್ರಮೇಯಕ್ಕೂ ಇದಕ್ಕೂ ಹೊಂದುತ್ತಿಲ್ಲ ಅನಿಸುತ್ತಿದೆ. ನನಗೇ ಅರ್ಥವಾಗಿಲ್ಲವಾ, ಪುಸ್ತಕವೇ ಸ್ವಲ್ಪ ಎಳೆದು ಹೇಳಿದೆಯಾ?

ಕೋಡು ಕುಟ್ಟುವವ

ಎರಡೂ ಒಂದೇ ಅಲ್ವಾ? ಬೇರೆ ಅವಿಭಾಜ್ಯ ಒಳಗೆ ಬರೋದಿಲ್ಲ ಅಂದರೆ ಒಡೆಯೋಕೆ ಒಂದೇ ದಾರಿ ಅಂತಲೇ ಆಯಿತು. ಮಾತು ಹಳೆಯದು, ಅಷ್ಟೇ.

ರಿಟೈರ್ಡ್ ಮೇಷ್ಟ್ರು

ಅಕ್ಕನವರಿಗೆ ಸರಿಯಾಗಿಯೇ ಅರ್ಥವಾಗಿದೆ. ಎರಡೂ ಒಂದೇ ಅಲ್ಲ.

2 ಮತ್ತು 3 ತೆಗೆದುಕೊಳ್ಳಿ. ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 6. ಅಂದರೆ ಲ.ಸಾ.ಅ. ಈ 6 ಅನ್ನು 5 ಆಗಲಿ 7 ಆಗಲಿ ಭಾಗಿಸುವುದಿಲ್ಲ ಅಂತ 9.14 ಹೇಳುತ್ತದೆ. ಈಗ 12 ನೋಡಿ. 2, 2, 3. ಇಲ್ಲಿ 2 ಎರಡು ಸಲ ಬಂದಿದೆ. 2 ಮತ್ತು 3 ಅಳೆಯುವ ಅತಿ ಚಿಕ್ಕ ಸಂಖ್ಯೆ 12 ಅಲ್ಲ, 6. ಹಾಗಾಗಿ 12ರ ಬಗ್ಗೆ 9.14 ತುಟಿ ಬಿಚ್ಚುವುದಿಲ್ಲ. 18, 20, 45 ಇವೂ ಹೊರಗೇ. ಒಂದೇ ಅವಿಭಾಜ್ಯ ಎರಡನೇ ಸಲ ಬಂತೋ, ಈ ಪ್ರಮೇಯದ ಕೈ ಅಲ್ಲಿಗೆ ಎಟುಕುವುದಿಲ್ಲ.

ಇನ್ನೊಂದು ಕಡೆಯಿಂದಲೂ ಕೊರತೆ ಇದೆ. ಪ್ರತಿ ಸಂಖ್ಯೆಯನ್ನೂ ಪೂರ್ತಿಯಾಗಿ ಅವಿಭಾಜ್ಯಗಳಾಗಿ ಒಡೆಯಬಹುದು ಅಂತ ‘ಎಲಿಮೆಂಟ್ಸ್’ನಲ್ಲಿ ನೇರವಾಗಿ ಎಲ್ಲೂ ಇಲ್ಲ. ಹತ್ತಿರದ್ದು 7.31: ಪ್ರತಿ ಸಂಯುಕ್ತ ಸಂಖ್ಯೆಯನ್ನೂ ಯಾವುದಾದರೂ ಒಂದು ಅವಿಭಾಜ್ಯ ಅಳೆಯುತ್ತದೆ. ಒಂದು ಸಿಕ್ಕರೆ ಸಾಕು ಅವನಿಗೆ. ಸಿಕ್ಕಿದ್ದನ್ನು ಪಕ್ಕಕ್ಕಿಟ್ಟು ಉಳಿದದ್ದನ್ನು ಮತ್ತೆ ಒಡೆ, ಮತ್ತೆ ಒಡೆ, ಕೊನೆಯವರೆಗೂ ಹೋಗು ಅಂತ ಅವನು ಹೇಳುವುದಿಲ್ಲ.

7.31ರ ಸಾಧನೆ ಮಾತ್ರ ಚೆಂದ. ಸಂಖ್ಯೆ ಸಂಯುಕ್ತವಾದರೆ ಅದನ್ನು ಏನೋ ಒಂದು ಅಳೆಯುತ್ತದೆ. ಅದು ಅವಿಭಾಜ್ಯವಾದರೆ ಮುಗಿಯಿತು. ಇಲ್ಲವಾದರೆ ಅದನ್ನು ಇನ್ನೂ ಚಿಕ್ಕದು ಅಳೆಯುತ್ತದೆ. ಹೀಗೇ ಇಳಿಯುತ್ತಾ ಹೋದರೆ ಎಲ್ಲೋ ಒಂದು ಕಡೆ ಅವಿಭಾಜ್ಯ ಸಿಗಲೇಬೇಕು. ಸಿಗದಿದ್ದರೆ ಕೊನೆಯಿಲ್ಲದೆ ಚಿಕ್ಕದಾಗುತ್ತಾ ಹೋಗಬೇಕು, ಸಂಖ್ಯೆಗಳಲ್ಲಿ ಅದು ಆಗದ ಮಾತು. ಸುಮಾರು 2300 ವರ್ಷದ ಹಿಂದೆ ಅಲೆಕ್ಸಾಂಡ್ರಿಯಾದಲ್ಲಿ ಬರೆದ ತರ್ಕ. ಇವತ್ತಿಗೂ ಒಂದಕ್ಷರ ಬದಲಿಸಬೇಕಿಲ್ಲ.

ಹಾಸನದ ಹೈದ

ಮೇಷ್ಟ್ರೇ, “ಅಳೆಯುತ್ತದೆ” ಅಂತ ಯಾಕೆ ಮತ್ತೆ ಮತ್ತೆ ಬರೀತಿದ್ದೀರಿ? ಭಾಗಿಸುತ್ತದೆ ಅಂದರೆ ಆಗಲ್ವಾ? ಸಂಖ್ಯೆಯನ್ನು ಅಳೆಯೋದು ಅಂದರೆ ಬಟ್ಟೆ ಅಂಗಡಿ ನೆನಪಾಗುತ್ತದೆ.

ಗ್ರೀಕ್ ಗೀಳು

ಬಟ್ಟೆ ಅಂಗಡಿಯೇ ಸರಿಯಾದ ಜಾಗ! ಯೂಕ್ಲಿಡ್ ಸಂಖ್ಯೆಗಳನ್ನು ಗೆರೆಗಳಾಗಿ ಬರೆಯುತ್ತಾನೆ. 7, 8, 9ನೇ ಪುಸ್ತಕಗಳನ್ನು ತೆರೆದರೆ ಪಕ್ಕದಲ್ಲಿ ಬರೀ ಗೆರೆಗಳು, ಅವಕ್ಕೆ ಎ, ಬಿ, ಸಿ ಅಂತ ಹೆಸರು. ಚಿಕ್ಕ ಗೆರೆಯನ್ನು ದೊಡ್ಡ ಗೆರೆಯ ಮೇಲೆ ಹಾಕುತ್ತಾ ಹೋದರೆ ಏನೂ ಉಳಿಯದೆ ಮುಗಿಯಿತು ಅನ್ನಿ, ಚಿಕ್ಕದು ದೊಡ್ಡದನ್ನು ‘ಅಳೆಯಿತು’. ಮೊಳ ಹಾಕಿದ ಹಾಗೆ.

ಅವನ ಪ್ರಕಾರ ಸಂಖ್ಯೆ ಅಂದರೆ ಘಟಕಗಳ ಗುಂಪು. ಘಟಕಕ್ಕೆ ‘ಮೋನಾಸ್’ ಅಂತ ಹೆಸರು. ಹಾಗಾಗಿ 1 ಸಂಖ್ಯೆಯೇ ಅಲ್ಲ, ಸಂಖ್ಯೆ ಕಟ್ಟುವ ಕಲ್ಲು ಅದು. ಅವಿಭಾಜ್ಯ ಅಂದರೆ ಘಟಕ ಮಾತ್ರ ಅಳೆಯಬಲ್ಲ ಸಂಖ್ಯೆ. ಗ್ರೀಕ್‌ನಲ್ಲಿ ‘ಪ್ರೋಟೋಸ್’, ಅಂದರೆ ಮೊದಲನೆಯದು. ನಮ್ಮ ಕನ್ನಡದ ಪದ ಒಡೆಯಲು ಆಗದ್ದು ಅನ್ನುತ್ತದೆ, ಅವರ ಪದ ಎಲ್ಲಕ್ಕೂ ಮೊದಲಿನದು ಅನ್ನುತ್ತದೆ. ನನಗೆ ನಮ್ಮದೇ ಹೆಚ್ಚು ಇಷ್ಟ, ಆದರೆ ಅದು ಬೇರೆ ಜಗಳ.

ಯೂಕ್ಲಿಡ್‌ಗಿಂತ ಹಿಂದಿನ ಪೈಥಾಗರಸ್ ಪಂಥದವರು ಕಲ್ಲುಹರಳು ಜೋಡಿಸಿ ನೋಡುತ್ತಿದ್ದರು. 12 ಹರಳನ್ನು 3 ಸಾಲು 4 ಹರಳಾಗಿ ಆಯತ ಮಾಡಿ ಜೋಡಿಸಬಹುದು. 7 ಹರಳನ್ನು ಏನೇ ಮಾಡಿದರೂ ಉದ್ದ ಸಾಲಾಗಿಯೇ ಇಡಬೇಕು. ಥೈಮರಿಡಾಸ್ ಅನ್ನುವವನು ಅವಿಭಾಜ್ಯಗಳನ್ನು ‘ಸರಳರೇಖೆಯ ಸಂಖ್ಯೆ’ ಅಂತಲೇ ಕರೆದಿದ್ದ ಎಂದು ಮುಂದೆ ಬಂದ ತತ್ವಜ್ಞಾನಿ ಇಯಾಂಬ್ಲಿಕಸ್ ಬರೆದಿಟ್ಟಿದ್ದಾನೆ. ಅಕ್ಕಾ, ಮಕ್ಕಳಿಗೆ ಹುಣಸೆ ಬೀಜ ಕೊಟ್ಟು ಮಾಡಿಸಿ ನೋಡಿ. ಐದು ನಿಮಿಷದ ಕೆಲಸ.

ಸುಮ್ನೆ ಓದುವವ

ನಾನು ಸಾಮಾನ್ಯವಾಗಿ ಇಲ್ಲಿ ಬರೆಯುವವನಲ್ಲ, ಓದಿ ಹೋಗುವವನು. ಒಂದು ದಡ್ಡ ಪ್ರಶ್ನೆ. ಒಂದೇ ರೀತಿ ಒಡೆಯುತ್ತದೆ ಅನ್ನುವುದನ್ನು ಸಾಧಿಸುವ ಅಗತ್ಯವಾದರೂ ಏನು? 12ನ್ನು ಒಡೆದರೆ 2, 2, 3 ಬರುತ್ತದೆ. ಇನ್ನೇನು 5 ಬರುತ್ತದಾ? ಕಣ್ಣಿಗೆ ಕಾಣುತ್ತಿದೆಯಲ್ಲ.

ರಿಟೈರ್ಡ್ ಮೇಷ್ಟ್ರು

ದಡ್ಡ ಪ್ರಶ್ನೆ ಅಲ್ಲ ಸ್ವಾಮಿ, ಇದೇ ಪ್ರಶ್ನೆ. ಕ್ಲಾಸಿನಲ್ಲಿ ನಾನು ಒಂದು ಆಟ ಆಡಿಸುತ್ತಿದ್ದೆ. ಅದನ್ನೇ ಇಲ್ಲಿ ಹಾಕುತ್ತೇನೆ.

ಒಂದು ಊರಿದೆ ಅಂದುಕೊಳ್ಳಿ. ಆ ಊರಿನವರಿಗೆ ಸಮಸಂಖ್ಯೆ ಮಾತ್ರ ಗೊತ್ತು. 2, 4, 6, 8 ಹೀಗೆ. 3, 5, 7 ಅನ್ನುವುದನ್ನು ಅವರು ಕೇಳಿಯೇ ಇಲ್ಲ. ಆ ಊರಲ್ಲಿ 4 ಒಡೆಯುತ್ತದೆ, 2 × 2. ಆದರೆ 6 ಒಡೆಯುವುದಿಲ್ಲ, ಯಾಕೆಂದರೆ 3 ಇಲ್ಲ. 10, 14, 18, 30 ಯಾವುದೂ ಒಡೆಯುವುದಿಲ್ಲ. ಇವೆಲ್ಲ ಆ ಊರಿನ ಅವಿಭಾಜ್ಯಗಳು.

ಈಗ 60 ಒಡೆಯಿರಿ. 2 × 30. ಎರಡೂ ಆ ಊರಲ್ಲಿ ಅವಿಭಾಜ್ಯ, ಮುಗಿಯಿತು. ಪಕ್ಕದ ಬೆಂಚಿನವನು 6 × 10 ಅಂತ ಒಡೆಯುತ್ತಾನೆ. ಅವೂ ಅವಿಭಾಜ್ಯ. ಒಂದೇ ಸಂಖ್ಯೆ, ಎರಡು ಬೇರೆ ಬೇರೆ ಉತ್ತರ, ಎರಡೂ ಸರಿ! ಈ ರೀತಿ ಆಗುವ ಅತಿ ಚಿಕ್ಕ ಸಂಖ್ಯೆ 60 ಅಂತ ನಾನು ಹೇಳುತ್ತಾ ಬಂದಿದ್ದೇನೆ.

ನಮ್ಮ ಊರಲ್ಲಿ ಹೀಗಾಗುವುದಿಲ್ಲ. ಯಾಕೆ ಆಗುವುದಿಲ್ಲ? ಕಣ್ಣಿಗೆ ಕಾಣುತ್ತದೆ ಅನ್ನುವುದು ಉತ್ತರ ಅಲ್ಲ. ಸಮಸಂಖ್ಯೆ ಊರಿನವರಿಗೂ ಚಿಕ್ಕ ಚಿಕ್ಕ ಸಂಖ್ಯೆಗಳನ್ನು ನೋಡುವವರೆಗೆ ಎಲ್ಲ ಸರಿ ಇದೆ ಅಂತಲೇ ಕಂಡಿರುತ್ತದೆ.

ಸುಮ್ನೆ ಓದುವವ

ಅಬ್ಬಾ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಹಾಗಾದರೆ ನಮ್ಮ ಊರಿನಲ್ಲಿ ಕಾಪಾಡುವುದು ಏನು?

ರಿಟೈರ್ಡ್ ಮೇಷ್ಟ್ರು

7.30. ನನ್ನನ್ನು ಕೇಳಿದರೆ ಟಿಪ್ಪಣಿ ಬರೆದವರು ಬೊಟ್ಟು ಮಾಡಬೇಕಾಗಿದ್ದದ್ದು ಈ ಪ್ರಮೇಯದ ಕಡೆಗೆ, 9.14ರ ಕಡೆಗಲ್ಲ. ಎರಡು ಸಂಖ್ಯೆಗಳ ಗುಣಲಬ್ಧವನ್ನು ಒಂದು ಅವಿಭಾಜ್ಯ ಅಳೆದರೆ, ಆ ಎರಡರಲ್ಲಿ ಒಂದನ್ನಾದರೂ ಅದು ಅಳೆಯುತ್ತದೆ. ಸಮಸಂಖ್ಯೆ ಊರಲ್ಲಿ ಮುರಿದು ಬೀಳುವುದು ಇದೇ. ಅಲ್ಲಿ 6 ಅವಿಭಾಜ್ಯ, 2 × 30 = 60 ಅನ್ನು ಅಳೆಯುತ್ತದೆ, ಆದರೆ 2ನ್ನೂ ಅಳೆಯುವುದಿಲ್ಲ, 30ನ್ನೂ ಅಳೆಯುವುದಿಲ್ಲ. 30ರಲ್ಲಿ 6 ಐದು ಸಲ ಹೋಗುತ್ತದೆ ಅನ್ನಬೇಕು, ಆ ಊರಲ್ಲಿ ಐದು ಇಲ್ಲವಲ್ಲ.

ಯೂಕ್ಲಿಡ್‌ನ ಸಾಧನೆಯನ್ನು ಅಂಕಿ ಹಾಕಿ ತೋರಿಸುತ್ತೇನೆ. 10 × 21 = 210. ಇದನ್ನು 7 ಅಳೆಯುತ್ತದೆ, 7 × 30 = 210. 7ಕ್ಕೆ 10 ಅಳೆಯಲು ಆಗುವುದಿಲ್ಲ. ಹಾಗಾದರೆ 21ನ್ನು ಅಳೆಯಲೇಬೇಕು ಅಂತ ಗುಣಾಕಾರ ಮಗ್ಗಿ ನೋಡದೆ ಹೇಗೆ ಹೇಳುವುದು?

10 × 21 ಮತ್ತು 7 × 30 ಎರಡೂ ಒಂದೇ ಆದ್ದರಿಂದ 7ಕ್ಕೂ 10ಕ್ಕೂ ಇರುವ ಅನುಪಾತವೇ 21ಕ್ಕೂ 30ಕ್ಕೂ ಇದೆ. ಭಿನ್ನರಾಶಿಯಲ್ಲಿ ಬರೆದರೆ 7/10 = 21/30. ಈಗ 7 ಅವಿಭಾಜ್ಯ, 10ನ್ನು ಅಳೆಯುವುದಿಲ್ಲ, ಆದ್ದರಿಂದ 7ಕ್ಕೂ 10ಕ್ಕೂ ಸಾಮಾನ್ಯ ಅಳತೆ ಏನೂ ಇಲ್ಲ. ಅಂದರೆ 7/10 ಇನ್ನು ಕುಗ್ಗುವುದಿಲ್ಲ, ಆ ಅನುಪಾತದ ಅತಿ ಚಿಕ್ಕ ರೂಪ ಅದೇ. ಅದೇ ಅನುಪಾತದ ಬೇರೆ ಯಾವ ಜೋಡಿಯೇ ಆಗಲಿ ಆ ಚಿಕ್ಕ ರೂಪವನ್ನು ಇಷ್ಟಿಷ್ಟು ಸಲ ದೊಡ್ಡದು ಮಾಡಿದ್ದೇ. ಹಾಗಾಗಿ 21 ಅನ್ನುವುದು 7ರ ಮಡಿ. ಆಯಿತು.

ನಾವು ಆರನೇ ಕ್ಲಾಸಿನಲ್ಲಿ ಭಿನ್ನರಾಶಿಯನ್ನು ‘ಸಂಕ್ಷೇಪಿಸಿ’ ಅಂತ ಮಾಡುತ್ತೇವಲ್ಲ, ಅದೇ ತಂತ್ರ. 7.19, 7.20, 7.21 ಈ ಮೂರು ಪ್ರಮೇಯಗಳನ್ನು ಅವನು ಮೊದಲೇ ಸಾಲಾಗಿ ಜೋಡಿಸಿಟ್ಟಿರುತ್ತಾನೆ. ಎಷ್ಟು ಜಾಗರೂಕ ಮನುಷ್ಯ ಅಂದರೆ, 3 × 5 ಆದರೂ 5 × 3 ಆದರೂ ಒಂದೇ ಅನ್ನುವುದನ್ನೂ 7.16ರಲ್ಲಿ ಸಾಧಿಸಿದ್ದಾನೆ.

ಟ್ಯೂಷನ್ ಅಕ್ಕ

ಮೇಷ್ಟ್ರೇ, ಇದನ್ನು ಓದಿದ ಮೇಲೆ ನನಗೆ ಇನ್ನೂ ಜಾಸ್ತಿ ಗೊಂದಲ. 7.30 ಕೈಯಲ್ಲಿದೆ, 7.31 ಕೈಯಲ್ಲಿದೆ. ಅಕ್ಕಿಯೂ ಇದೆ, ಬೇಳೆಯೂ ಇದೆ, ಒಲೆಯೂ ಉರಿಯುತ್ತಿದೆ. ಮತ್ತೆ ಅಡುಗೆ ಯಾಕೆ ಮಾಡಲಿಲ್ಲ?

ಕೋಡು ಕುಟ್ಟುವವ

ಅಕ್ಕಾ, ಅಡುಗೆ ಮಾಡಿದ್ದಾನಲ್ಲ, 9.20! ಅವಿಭಾಜ್ಯಗಳು ಅನಂತ ಅನ್ನುವ ಸಾಧನೆ. ಇರುವ ಎಲ್ಲಾ ಅವಿಭಾಜ್ಯಗಳನ್ನೂ ಗುಣಿಸಿ ಒಂದು ಕೂಡಿಸಿದರೆ ಹೊಸ ಅವಿಭಾಜ್ಯ ಬರುತ್ತದೆ. ಕಾಲೇಜಿನಲ್ಲಿ ಓದಿದ್ದರಲ್ಲಿ ಇನ್ನೂ ನೆನಪಿರುವ ಒಂದೇ ಸಾಧನೆ ಇದು.

ಗ್ರೀಕ್ ಗೀಳು

ಗುಣಿಸಿ ಒಂದು ಕೂಡಿಸಿದ್ದು ಅವಿಭಾಜ್ಯವೇ ಆಗಬೇಕು ಅಂತ ಯೂಕ್ಲಿಡ್ ಎಲ್ಲೂ ಹೇಳಿಲ್ಲ ಕೋಡಣ್ಣ. ಈ ತಪ್ಪು ಎಲ್ಲ ಕಡೆ ಇದೆ. 2 × 3 × 5 × 7 × 11 × 13 ಗುಣಿಸಿ ಒಂದು ಕೂಡಿಸಿ ನೋಡಿ. ನೀವೇ ಕೋಡ್ ಓಡಿಸಿ.

ಕೋಡು ಕುಟ್ಟುವವ

ಓಡಿಸಿದೆ. 30031. ಒಡೆದರೆ 59 × 509. ತಪ್ಪು ಒಪ್ಪಿಕೊಂಡೆ. 🙏

ಗ್ರೀಕ್ ಗೀಳು

59 ಮತ್ತು 509 ಎರಡೂ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ, ಗಮನಿಸಿ. ಯೂಕ್ಲಿಡ್ ಹೇಳುವುದು ಅದನ್ನೇ. ಬಂದ ಸಂಖ್ಯೆ ತಾನೇ ಅವಿಭಾಜ್ಯವಾದರೆ ಹೊಸದು ಸಿಕ್ಕಿತು. ಅಲ್ಲವಾದರೆ 7.31ರ ಪ್ರಕಾರ ಅದನ್ನು ಯಾವುದೋ ಅವಿಭಾಜ್ಯ ಅಳೆಯುತ್ತದೆ, ಅದು ಹಳೆಯ ಪಟ್ಟಿಯದಾಗಲು ಸಾಧ್ಯವಿಲ್ಲ. ಹಳೆಯದೇ ಆದರೆ ಉಳಿದ ಆ ಒಂದನ್ನೂ ಅಳೆಯಬೇಕಾಗುತ್ತದೆ.

ಇನ್ನೊಂದು ವಿಷಯ. ಅವನು ‘ಎಲ್ಲಾ ಅವಿಭಾಜ್ಯಗಳು’ ಅಂತ ಶುರು ಮಾಡುವುದೇ ಇಲ್ಲ. ‘ಅನಂತ’ ಅನ್ನುವ ಮಾತೂ ಇಲ್ಲ. ಕೊಟ್ಟ ಎಷ್ಟೇ ಅವಿಭಾಜ್ಯಗಳಿಗಿಂತ ಹೆಚ್ಚು ಇವೆ ಅನ್ನುತ್ತಾನೆ. ಸಾಧನೆಗೆ ಅವನು ತೆಗೆದುಕೊಳ್ಳುವುದು ಮೂರೇ ಮೂರು, ಎ, ಬಿ, ಸಿ. ಮೂರಕ್ಕೆ ತೋರಿಸಿದರೆ ಮೂವತ್ತಕ್ಕೂ ಹಾಗೇ ಅಂತ ಓದುವವನು ತಿಳಿದುಕೊಳ್ಳಬೇಕು. ಯಾಕೆ ಮೂರೇ? ‘ಎಷ್ಟಾದರೂ’ ಅಂತ ಬರೆಯಲು ಅವನ ಹತ್ತಿರ ನಮ್ಮ ಥರ ಗುರುತುಗಳಿರಲಿಲ್ಲ. ಅಕ್ಕನ ಅಡುಗೆ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಅಂತ ನನ್ನ ಅನುಮಾನ.

ರಿಟೈರ್ಡ್ ಮೇಷ್ಟ್ರು

ಅರ್ಧ ಅಲ್ಲ, ಮುಕ್ಕಾಲು ಪಾಲು. ರಾಮಾನುಜನ್‌ರನ್ನು ಕೇಂಬ್ರಿಡ್ಜ್‌ಗೆ ಕರೆಸಿಕೊಂಡ ಹಾರ್ಡಿ ಇದ್ದಾರಲ್ಲ, ಅವರು ರೈಟ್ ಜೊತೆ ಬರೆದ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಇದೇ ಮಾತು ಬರುತ್ತದೆ. ಇಷ್ಟು ದೂರ ಬಂದವನು ಪ್ರಮೇಯವನ್ನೇ ಯಾಕೆ ಸಾಧಿಸಲಿಲ್ಲ ಅಂತ ಆಶ್ಚರ್ಯಪಡುವುದು ತಪ್ಪು, ಅವನಿಗೆ ಆ ಪ್ರಮೇಯವನ್ನು ಹೇಳುವುದೇ ಬಹಳ ಕಷ್ಟವಿತ್ತು ಅಂತ.

ಕಾರಣ ಸರಳ. ಎರಡು ಸಂಖ್ಯೆಗಳ ಗುಣಲಬ್ಧವನ್ನು ಯೂಕ್ಲಿಡ್ ‘ಸಮತಲ ಸಂಖ್ಯೆ’ ಅನ್ನುತ್ತಾನೆ, ಉದ್ದ ಅಗಲ ಇದ್ದ ಹಾಗೆ. ಮೂರರ ಗುಣಲಬ್ಧ ‘ಘನ ಸಂಖ್ಯೆ’, ಪೆಟ್ಟಿಗೆಯ ಹಾಗೆ. ನಾಲ್ಕಾದರೆ? ಹೆಸರಿಲ್ಲ. ಈಗ 2 × 2 × 2 × 3 × 3 × 5 = 360 ಅನ್ನುವುದನ್ನು ಅವನ ಭಾಷೆಯಲ್ಲಿ ಹೇಳಿ ನೋಡೋಣ. ಆರು ಆಯಾಮದ ಪೆಟ್ಟಿಗೆ ಬೇಕು! ಘಾತ ಬರೆಯುವ ಪದ್ಧತಿಯೂ ಇಲ್ಲ.

ಉಳಿದ ಕಾಲು ಪಾಲು ನನ್ನ ಅಭಿಪ್ರಾಯ, ಒಪ್ಪದಿದ್ದರೆ ಜಗಳ ಆಡಬಹುದು. ಈ ಸಂಖ್ಯೆ ಯಾವುದರಿಂದ ಮಾಡಿದ್ದು ಅನ್ನುವುದು ನಮ್ಮ ಪ್ರಶ್ನೆ. ಈ ಎರಡು ಸಂಖ್ಯೆಗಳಿಗೆ ಸಾಮಾನ್ಯ ಅಳತೆ ಯಾವುದು ಅನ್ನುವುದು ಅವನ ಪ್ರಶ್ನೆ. ಅವನು 7ನೇ ಪುಸ್ತಕ ಶುರು ಮಾಡುವುದೇ ಅಲ್ಲಿಂದ. 7.1 ಮತ್ತು 7.2 ಎರಡೂ ಮ.ಸಾ.ಅ. ವಿಷಯ. ಆ ಪ್ರಶ್ನೆಗೆ ಒಡೆಯುವ ಅಗತ್ಯವೇ ಬೀಳುವುದಿಲ್ಲ.

ಹಾಸನದ ಹೈದ

ಒಡೆಯದೆ ಮ.ಸಾ.ಅ. ಹೇಗೆ? ನಮಗೆ ಶಾಲೆಯಲ್ಲಿ ಎರಡನ್ನೂ ಒಡೆದು, ಎರಡರಲ್ಲೂ ಇರುವುದನ್ನು ಸುತ್ತು ಹಾಕಿ, ಗುಣಿಸು ಅಂತಲೇ ಹೇಳಿಕೊಟ್ಟಿದ್ದು.

ಕೋಡು ಕುಟ್ಟುವವ

ಇದು ನನ್ನ ಏರಿಯಾ, ನಾನು ಹೇಳುತ್ತೇನೆ. 30031 ವಿಷಯದಲ್ಲಿ ಕಳೆದ ಮಾನ ವಾಪಸ್ ತರಬೇಕು.

8633 ಮತ್ತು 9409. ಇವೆರಡರ ಮ.ಸಾ.ಅ. ಶಾಲೆಯ ರೀತಿ ಮಾಡಲು ಹೊರಟರೆ 8633ನ್ನು 2, 3, 5, 7, 11 ಅಂತ ಒಂದೊಂದರಿಂದಲೇ ಭಾಗಿಸುತ್ತಾ ಹೋಗಬೇಕು. 83ರವರೆಗೂ ಏನೂ ಸಿಗುವುದಿಲ್ಲ. ಅಷ್ಟರಲ್ಲಿ ಪರೀಕ್ಷೆಯ ಗಂಟೆ ಬಾರಿಸಿರುತ್ತದೆ.

ಯೂಕ್ಲಿಡ್ ರೀತಿ: ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 9409 − 8633 = 776. ಈಗ 8633ರಿಂದ 776ನ್ನು ಆದಷ್ಟು ಸಲ ಕಳೆಯಿರಿ. 11 ಸಲ ಹೋಗುತ್ತದೆ, ಅಂದರೆ 8536, ಉಳಿದದ್ದು 97. ಈಗ 776ರಿಂದ 97. ಸರಿಯಾಗಿ 8 ಸಲ, ಏನೂ ಉಳಿಯಲಿಲ್ಲ. ಮ.ಸಾ.ಅ. 97. ಮೂರೇ ಹೆಜ್ಜೆ. ಎರಡರಲ್ಲಿ ಒಂದನ್ನೂ ಒಡೆಯಲಿಲ್ಲ.

ತಮಾಷೆ ನೋಡಿ, ಈಗ ಪುಕ್ಕಟೆಯಾಗಿ ಒಡೆದದ್ದೂ ಸಿಕ್ಕಿತು. 8633 = 89 × 97, 9409 = 97 × 97.

ನಮ್ಮ ಕಂಪ್ಯೂಟರ್‌ಗಳಲ್ಲೂ ಇದೇ ಕಥೆ. ನೂರಾರು ಅಂಕಿಗಳ ಎರಡು ಸಂಖ್ಯೆ ಕೊಟ್ಟರೂ ಮ.ಸಾ.ಅ. ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಅಷ್ಟೇ ದೊಡ್ಡ ಒಂದು ಸಂಖ್ಯೆಯನ್ನು ಒಡೆ ಅಂದರೆ ಯಂತ್ರ ಸುಸ್ತು. 1977ರಲ್ಲಿ ಬಂದ ಆರ್‌ಎಸ್‌ಎ ಅನ್ನುವ ಗುಪ್ತಸಂದೇಶದ ಬೀಗ ನಿಂತಿರುವುದೇ ಈ ಕಷ್ಟದ ಮೇಲೆ.

ಹಾಸನದ ಹೈದ

ಮಾನ ವಾಪಸ್ ಬಂತು.

ಒಂದು ಕೇಳಬೇಕಿತ್ತು, ಇದಕ್ಕೆ ನಮ್ಮವರು ಏನೂ ಮಾಡಿಲ್ವಾ? ಯಾವಾಗಲೂ ಗ್ರೀಕರೇ ಯಾಕೆ?

ರಿಟೈರ್ಡ್ ಮೇಷ್ಟ್ರು

ಮಾಡಿದ್ದಾರೆ, ಆದರೆ ಬೇರೆ ಪ್ರಶ್ನೆಗೆ. ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ನಮ್ಮ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿ ಕೂಡಿಸಲು ಲ.ಸಾ.ಅ. ಬಳಸುತ್ತಾನೆ. ಅದಕ್ಕೆ ‘ನಿರುದ್ಧ’ ಅಂತ ಹೆಸರು. 499ರ ಆರ್ಯಭಟೀಯದ ಕುಟ್ಟಕ ಅನ್ನುವ ವಿಧಾನದಲ್ಲಿ ಯೂಕ್ಲಿಡ್‌ನ ಥರದ್ದೇ ಪರಸ್ಪರ ಭಾಗಾಕಾರ ಇದೆ. ಅಲ್ಲಿ ಉದ್ದೇಶ ಸಮೀಕರಣ ಬಿಡಿಸುವುದು. ಈ ಎಳೆಗೆ ಇಷ್ಟು ಸಾಕು. ಕುಟ್ಟಕದ ಬಗ್ಗೆ ಬೇಕಾದರೆ ಬೇರೆ ಎಳೆ ತೆರೆಯಿರಿ, ಬರುತ್ತೇನೆ.

ಟ್ಯೂಷನ್ ಅಕ್ಕ

ಸರಿ, ಗ್ರೀಕರಿಗೇ ವಾಪಸ್ ಬರೋಣ. ಒಡೆಯುವ ಅಗತ್ಯವೇ ಅವರಿಗೆ ಬೀಳಲಿಲ್ಲ ಅಂದಿರಿ. ಒಮ್ಮೆಯೂ ಬೀಳಲಿಲ್ಲವಾ? ಒಂದು ಸಂಖ್ಯೆಗೆ ಎಷ್ಟು ಅಪವರ್ತನ ಇವೆ ಅಂತ ಎಣಿಸಬೇಕು ಅಂದರೆ ಒಡೆಯಲೇಬೇಕಲ್ಲ.

ಗ್ರೀಕ್ ಗೀಳು

ಅಕ್ಕಾ, ಇದಕ್ಕೇ ಕಾಯುತ್ತಿದ್ದೆ. ಪ್ಲೇಟೋ!

ಅವನ ಕೊನೆಯ ಕೃತಿ ‘ಲಾಸ್’ನಲ್ಲಿ ಒಂದು ಆದರ್ಶ ಊರು ಕಟ್ಟುವ ಮಾತು ಬರುತ್ತದೆ. ಅಲ್ಲಿ ಎಷ್ಟು ಮನೆತನ ಇರಬೇಕು? 5040. ಯಾಕೆ ಅಷ್ಟೇ? ಆ ಸಂಖ್ಯೆಗೆ 60ಕ್ಕೆ ಒಂದು ಕಡಿಮೆ ಭಾಜಕಗಳಿವೆ, 1ರಿಂದ 10ರವರೆಗೆ ಒಂದೂ ಬಿಡದೆ ಎಲ್ಲದರಿಂದಲೂ ಭಾಗವಾಗುತ್ತದೆ. ಯುದ್ಧಕ್ಕೆ ಗುಂಪು ಮಾಡಲು, ತೆರಿಗೆ ಹಾಕಲು, ಹಂಚಲು ಅನುಕೂಲ.

ಲೆಕ್ಕ ಸರಿಯಾ ನೋಡೋಣ. 5040 = 2 × 2 × 2 × 2 × 3 × 3 × 5 × 7. ನಮ್ಮ ರೀತಿಯಲ್ಲಿ ಅಪವರ್ತನಗಳ ಸಂಖ್ಯೆ 5 × 3 × 2 × 2 = 60. 5040ನ್ನೇ ಬಿಟ್ಟರೆ 59. ಪ್ಲೇಟೋ ಸರಿ!

ಇನ್ನೂ ಮಜಾ ಇದೆ. ಮುಂದೊಂದು ಕಡೆ ಬರುತ್ತದೆ, 5040 ಅನ್ನು 1ರಿಂದ 12ರವರೆಗೆ ಎಲ್ಲವೂ ಭಾಗಿಸುತ್ತವೆ, 11 ಒಂದು ಬಿಟ್ಟು. ಅದಕ್ಕೂ ಸುಲಭ ಮದ್ದು ಇದೆಯಂತೆ, ಎರಡು ಮನೆ ಕಡಿಮೆ ಮಾಡಿ. 5038 = 11 × 458. ಆ ಎರಡು ಮನೆಯವರು ಎಲ್ಲಿಗೆ ಹೋಗಬೇಕೋ!

ಸುಮ್ನೆ ಓದುವವ

ಪಾಪ, ಆ ಎರಡು ಮನೆಯವರು.

ರಿಟೈರ್ಡ್ ಮೇಷ್ಟ್ರು

ಯೂಕ್ಲಿಡ್‌ಗೂ ಒಂದು ಕಡೆ ಭಾಜಕಗಳ ಪೂರ್ತಿ ಪಟ್ಟಿ ಬೇಕಾಯಿತು. 9.36, ಪರಿಪೂರ್ಣ ಸಂಖ್ಯೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ತಾನೇ ಬರುವ ಸಂಖ್ಯೆ. 6 = 1 + 2 + 3. 28 = 1 + 2 + 4 + 7 + 14.

ಅವನ ವಿಧಾನ ಹೀಗೆ. 1ರಿಂದ ಎರಡೆರಡು ಪಟ್ಟು ಮಾಡುತ್ತಾ ಕೂಡಿಸಿ. 1 + 2 + 4 + 8 + 16 = 31. ಮೊತ್ತ ಅವಿಭಾಜ್ಯವಾದರೆ ಅದನ್ನು ಕೊನೆಯ ಸಂಖ್ಯೆಯಿಂದ ಗುಣಿಸಿ. 31 × 16 = 496. ಪರಿಪೂರ್ಣ. ಈಗ 496ರ ಭಾಜಕಗಳು 1, 2, 4, 8, 16, 31, 62, 124, 248. ಕೂಡಿಸಿದರೆ 496. ಆದರೆ ಇಷ್ಟೇ ಅಂತ ಹೇಗೆ ಗೊತ್ತು? ಇನ್ನೊಂದು ಎಲ್ಲೋ ಅಡಗಿ ಕುಳಿತಿದ್ದರೆ ಮೊತ್ತ ಕೆಟ್ಟುಹೋಗುತ್ತದೆ.

ಯೂಕ್ಲಿಡ್ ಇದನ್ನು ಬಿಟ್ಟಿಲ್ಲ. ಇವನ್ನು ಬಿಟ್ಟು ಬೇರೆ ಯಾವುದೂ ಅಳೆಯುವುದಿಲ್ಲ ಅಂತ ಬೇರೆಯಾಗಿಯೇ ಸಾಧಿಸುತ್ತಾನೆ, ಸ್ವಲ್ಪ ಹಿಂದೆ ಬಂದ 9.13ನ್ನು ಹಿಡಿದು. ಅಂದರೆ 2 ಎಷ್ಟು ಸಲ ಬಂದರೂ ಸರಿ, ಜೊತೆಗೆ ಇನ್ನೊಂದು ಅವಿಭಾಜ್ಯ ಇರುವ ಈ ಜಾತಿಯ ಸಂಖ್ಯೆಗಳಿಗೆ ಒಡೆಯುವ ದಾರಿ ಒಂದೇ ಅನ್ನುವುದನ್ನು ಅವನು ತನ್ನದೇ ಭಾಷೆಯಲ್ಲಿ ಹೇಳಿಬಿಟ್ಟ. ಇಲ್ಲಿ 2 ಮತ್ತೆ ಮತ್ತೆ ಬರುತ್ತದೆ, 9.14 ಮುಟ್ಟದ ಜಾಗ ಇದು. ನಿಮ್ಮ ಹುಡುಗನಿಗೆ ಇದನ್ನು ಹೇಳಿ. ಬೇಕಾದಲ್ಲಿ, ಬೇಕಾದಷ್ಟು ಸಾಧಿಸಿದ. ಎಲ್ಲ ಸಂಖ್ಯೆಗೂ ಸೇರಿಸಿ ಒಂದೇ ಮಾತಿನಲ್ಲಿ ಹೇಳುವ ಅಗತ್ಯ ಅವನಿಗೆ ಬೀಳಲಿಲ್ಲ.

ಕೋಡು ಕುಟ್ಟುವವ

ಎರಟೋಸ್ತೆನಿಸ್‌ನ ಜರಡಿ? ಅದೂ ಒಡೆಯುವ ಕೆಲಸವೇ ಅಲ್ವಾ? ನಾನು ಬರೆದ ಮೊದಲ ಪ್ರೋಗ್ರಾಮ್ ಅದು.

ಗ್ರೀಕ್ ಗೀಳು

ಹೌದು, ಗ್ರೀಕ್‌ನಲ್ಲೂ ‘ಕೋಸ್ಕಿನೋನ್’, ಹಿಟ್ಟು ಜರಡಿ ಹಿಡಿಯುವುದೇ. ಎರಟೋಸ್ತೆನಿಸ್ ಅಲೆಕ್ಸಾಂಡ್ರಿಯಾ ಗ್ರಂಥಾಲಯದ ಮುಖ್ಯಸ್ಥನಾಗಿದ್ದವನು, ಕ್ರಿ.ಪೂ. 3ನೇ ಶತಮಾನ. ಆದರೆ ಜರಡಿಯ ವಿವರ ನಮಗೆ ಸಿಗುವುದು ಅವನ ಕೈಬರಹದಿಂದಲ್ಲ, ಸುಮಾರು ಕ್ರಿ.ಶ. 100ರ ನಿಕೋಮಾಕಸ್‌ನಿಂದ. ಇವನು ಗೆರಾಸದವನು, ಈಗಿನ ಜೋರ್ಡಾನ್‌ನ ಜೆರಾಶ್.

ನಿಕೋಮಾಕಸ್ 3ರಿಂದ ಶುರು ಮಾಡಿ ಬೆಸ ಸಂಖ್ಯೆಗಳನ್ನು ಮಾತ್ರ ಸಾಲಾಗಿ ಬರೆಯುತ್ತಾನೆ. 3ರಿಂದ ಹೊರಟು ಮಧ್ಯೆ ಎರಡೆರಡು ಬಿಟ್ಟರೆ 9, 15, 21 ಸಿಗುತ್ತವೆ, ಅವು 3ರ ಪಾಲು. 5ರಿಂದ ಹೊರಟು ನಾಲ್ಕು ನಾಲ್ಕು ಬಿಟ್ಟರೆ 15, 25, 35. ಯಾರ ಪಾಲಿಗೂ ಬೀಳದೆ ಉಳಿದದ್ದು ಅವಿಭಾಜ್ಯ. 2 ಅವನ ಜರಡಿಯಲ್ಲೇ ಇಲ್ಲ, ಅವನಿಗೆ ಅವಿಭಾಜ್ಯ ಅಂದರೆ ಬೆಸವೇ. ಅರಿಸ್ಟಾಟಲ್ ಮಾತ್ರ ಅದಕ್ಕೂ ಮೊದಲೇ 2 ಒಂದೇ ಸಮ ಅವಿಭಾಜ್ಯ ಅಂದಿದ್ದ.

ನಿಕೋಮಾಕಸ್ ಸಾಧನೆ ಕೊಡುವವನಲ್ಲ. 6, 28, 496, 8128 ನೋಡಿ, ಪರಿಪೂರ್ಣ ಸಂಖ್ಯೆಗಳ ಕೊನೆಯ ಅಂಕಿ 6, 8, 6, 8 ಅಂತ ಸರದಿಯಲ್ಲಿ ಬರುತ್ತದೆ ಅಂದುಬಿಟ್ಟ. ಐದನೆಯದು 33550336, ಆರನೆಯದು 8589869056. ಎರಡೂ 6! ಮೇಷ್ಟ್ರು ಹೇಳಿದ ‘ಕಣ್ಣಿಗೆ ಕಾಣುತ್ತಿದೆ’ ರೋಗ.

ಸುಮ್ನೆ ಓದುವವ

ನನ್ನನ್ನೇ ಅಂದ ಹಾಗಾಯಿತು. 😄 ಹಾಗಾದರೆ ಪೂರ್ತಿ ಪ್ರಮೇಯವನ್ನು ಮೊದಲು ಹೇಳಿದ್ದು ಗೌಸೇ? ಮಧ್ಯೆ ಎರಡು ಸಾವಿರ ವರ್ಷ ಯಾರೂ ಇಲ್ಲವಾ?

ಗ್ರೀಕ್ ಗೀಳು

ಇದ್ದಾರೆ. ಪರ್ಷಿಯಾದ ಕಮಾಲುದ್ದೀನ್ ಅಲ್ ಫಾರಿಸಿ, ಸುಮಾರು 1300. ಅವನಿಗೆ ಬೇಕಾಗಿದ್ದದ್ದು ‘ಸ್ನೇಹ ಸಂಖ್ಯೆ’ಗಳು. 220ರ ಭಾಜಕಗಳನ್ನು ಕೂಡಿಸಿದರೆ 284, 284ರದ್ದು ಕೂಡಿಸಿದರೆ 220. ಇಂಥ ಜೋಡಿ ಹುಡುಕಲು 9ನೇ ಶತಮಾನದಲ್ಲೇ ಥಾಬಿತ್ ಇಬ್ನ್ ಖುರ್ರಾ ಸೂತ್ರ ಕೊಟ್ಟಿದ್ದ. ಅದನ್ನು ಹೊಸದಾಗಿ ಸಾಧಿಸಲು ಹೊರಟ ಫಾರಿಸಿಗೆ ಭಾಜಕಗಳ ಪೂರ್ತಿ ಪಟ್ಟಿ ಬೇಕಾಯಿತು. ಹಾಗಾಗಿ ಪ್ರತಿ ಸಂಯುಕ್ತ ಸಂಖ್ಯೆಯೂ ಅವಿಭಾಜ್ಯಗಳಾಗಿ ಒಡೆಯುತ್ತದೆ ಅನ್ನುವುದನ್ನು ಬಿಡಿಸಿ ಹೇಳಿ ಸಾಧಿಸಿದ. ಅಗತ್ಯ ಬಿದ್ದಾಗ ಪ್ರಮೇಯ ಹುಟ್ಟುತ್ತದೆ ಅನ್ನುವ ಮೇಷ್ಟ್ರ ವಾದಕ್ಕೆ ಇದು ಒಳ್ಳೆಯ ಸಾಕ್ಷಿ.

ಗೌಸ್‌ನದು 1801. ಆಗ ಅವನಿಗೆ 24 ವರ್ಷ. ಲ್ಯಾಟಿನ್ ಪುಸ್ತಕ, 16ನೇ ವಿಭಾಗ. ಒಡೆಯಬಹುದು ಅನ್ನುವುದು ಸುಲಭ, ಆದರೆ ಬೇರೆ ಬೇರೆ ರೀತಿ ಒಡೆಯಲು ಆಗುವುದಿಲ್ಲ ಅನ್ನುವುದನ್ನು ಹೆಚ್ಚಿನವರು ಸಾಧನೆ ಇಲ್ಲದೆ ಸುಮ್ಮನೆ ಒಪ್ಪಿಕೊಂಡು ಬಂದಿದ್ದಾರೆ ಅಂತ ಅವನೇ ಹೇಳಿ ಸಾಧಿಸುತ್ತಾನೆ.

ಟ್ಯೂಷನ್ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಪಾಠದಲ್ಲಿ ಹುಣಸೆ ಬೀಜ, 8633, ಸಮಸಂಖ್ಯೆ ಊರು ಎಲ್ಲ ಆಯಿತು. ಪುಸ್ತಕದ ಟಿಪ್ಪಣಿಯ ಪಕ್ಕದಲ್ಲಿ ಮಕ್ಕಳು ಪೆನ್ಸಿಲ್‌ನಲ್ಲಿ “7.30 ನೋಡಿ” ಅಂತ ಬರೆದುಕೊಂಡರು. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿ ಇದ್ದ ಹಾಗೇ ಬರೆಯಿರಿ ಅಂತ ಎಚ್ಚರಿಸಿದ್ದೇನೆ!

ಮೇಷ್ಟ್ರೇ, ಒಂದು ವಿಷಯ. ನೀವು ಸಮಸಂಖ್ಯೆ ಊರಲ್ಲಿ ಎರಡು ರೀತಿ ಒಡೆಯುವ ಅತಿ ಚಿಕ್ಕ ಸಂಖ್ಯೆ 60 ಅಂದಿರಲ್ಲ? ಮೊದಲು ಪ್ರಶ್ನೆ ಕೇಳಿದ ಅದೇ ಹುಡುಗ 4ರಿಂದ ಶುರು ಮಾಡಿ ಒಂದೊಂದನ್ನೇ ಒಡೆಯುತ್ತಾ ಕುಳಿತ. ಮುಕ್ಕಾಲು ಗಂಟೆ. ಆಮೇಲೆ ತಲೆ ಎತ್ತಿ, “ಅಕ್ಕಾ, 36. 2 × 18 ಆಗುತ್ತೆ, 6 × 6 ಕೂಡ ಆಗುತ್ತೆ” ಅಂದ. ನಾನೂ ಮಾಡಿ ನೋಡಿದೆ. 18 ಆ ಊರಲ್ಲಿ ಒಡೆಯುವುದಿಲ್ಲ, 6 ಕೂಡ ಒಡೆಯುವುದಿಲ್ಲ. ಸರಿ ಅನಿಸುತ್ತಿದೆ.

ರಿಟೈರ್ಡ್ ಮೇಷ್ಟ್ರು

ಈಗ ತಾನೇ ಕಾಗದದ ಮೇಲೆ ಮಾಡಿದೆ. 36 ಸರಿ. ಅದಕ್ಕಿಂತ ಕೆಳಗೆ ಯಾವುದೂ ಇಲ್ಲ. 60 ಅಂತ ಎಷ್ಟೋ ವರ್ಷ ಕ್ಲಾಸಿನಲ್ಲಿ ಹೇಳಿದ್ದೇನೆ, ಒಬ್ಬರೂ 4ರಿಂದ ಶುರು ಮಾಡಿ ನೋಡಲಿಲ್ಲ. ನಾನೂ ನೋಡಲಿಲ್ಲ. ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಮಸಾಲೆ ದೋಸೆ ಕೊಡಿಸಿ ಅಕ್ಕಾ, ದುಡ್ಡು ಕಳಿಸುತ್ತೇನೆ.